ಸಾರಿಗೊಂದು ಸಾರಿ

ಮೊನ್ನೆ ಶ್ರೀರಂಗಪಟ್ಟಣದ ಬಸ್ ನಿಲ್ದಾಣದಲ್ಲಿ ಬಸ್ಸಿನ ಬೋರ್ಡು ಓದುವ ಭರದಲ್ಲಿ ಒಂದು ಕಬ್ಬಿಣದ ಕಂಬಕ್ಕೆ ಭುಜ ತಾಗಿಸಿಕೊಂಡೆ. ತಾಗಿದ ಮರುಗಳಿಗೆಯಲ್ಲಿ ನನ್ನ ಬಾಯಿಂದ ಬಂದ ಮಾತು 'ಸಾರಿ'. ಕಂಬ ಏನೂ ಅನ್ನಲಿಲ್ಲ. ಪಕ್ಕದಲ್ಲಿ ಸೌತೆಕಾಯಿ ಹೆಚ್ಚುತ್ತಿದ್ದ ಹೆಂಗಸು ಮಾತ್ರ ನನ್ನನ್ನೂ ಕಂಬವನ್ನೂ ಒಮ್ಮೆ ನೋಡಿ, "ಪರ್ವಾಗಿಲ್ಲ ಬುಡಿ ಸಾ, ಅದ್ಕೆ ಅಭ್ಯಾಸ ಆಗೈತೆ" ಅಂದಳು.

ನೀವು ನಗಬಹುದು. ಆದರೆ ನಿಮ್ಮ ಮನೆಯಲ್ಲೂ ಬೆಳಗಿನಿಂದ ಸಂಜೆಯೊಳಗೆ ಎಷ್ಟು ಸಾರಿಗಳು ಉದುರುತ್ತವೆ, ಅದರಲ್ಲಿ ಮನುಷ್ಯರ ಪಾಲಿಗೆ ಎಷ್ಟು, ಮೇಜು ಕುರ್ಚಿಗಳ ಪಾಲಿಗೆ ಎಷ್ಟು, ಸ್ವಲ್ಪ ಗಮನಿಸಿ ನೋಡಿ. ನಾನು ಹುಟ್ಟಿ ಬೆಳೆದ ಪಾಂಡವಪುರದ ಮನೆಯಲ್ಲಿ ಈ ಪದ ಇರಲಿಲ್ಲ. ಆ ಕೆಲಸಕ್ಕೆ ಬೇರೆ ಪದವೂ ಇರಲಿಲ್ಲ. ಅಪ್ಪ ವಿನಾಕಾರಣ ಬೈದ ದಿನ ಸಂಜೆ ಪೇಟೆಯಿಂದ ಬರುವಾಗ ಕಡ್ಲೆಪುರಿ ಪೊಟ್ಟಣ ತರುತ್ತಿದ್ದರು. ಕೊಡುವಾಗ ನಮ್ಮ ಮುಖ ನೋಡದೆ ಸೂರಿನ ಕಡೆ ನೋಡುತ್ತಾ ಕೊಡುತ್ತಿದ್ದರು. ಅವ್ವ ಸುಮ್ಮಸುಮ್ಮನೆ ಹೊಡೆದರೆ ಅವತ್ತು ಮುದ್ದೆಯ ಮೇಲೆ ಬೆಣ್ಣೆ ಬೀಳುತ್ತಿತ್ತು. ಬೆಣ್ಣೆಯಾಸೆಗೆ ಅವ್ವನ ಕೈಗೆ ನಾನಾಗಿಯೇ ಹೋಗಿ ಸಿಕ್ಕಿದ್ದೂ ಉಂಟು.

ಕನ್ನಡದಲ್ಲಿ ಮಾತುಗಳಿಲ್ಲ ಎಂದಲ್ಲ. 'ಕ್ಷಮಿಸಿ' ಇದೆ, ಆದರೆ ಅದು ಟೀವಿಯವರ ಸೊತ್ತು. ಚಿತ್ರ ನಿಂತು ಪರದೆ ತುಂಬ ಇರುವೆ ಹರಿದಾಡುವಾಗ 'ಅಡಚಣೆಗಾಗಿ ಕ್ಷಮಿಸಿ' ಎಂದು ಬರುತ್ತಿತ್ತು. ಸಂತೆಯಲ್ಲಿ ಯಾರದೋ ಕಾಲು ತುಳಿದು 'ಕ್ಷಮಿಸಿ' ಅಂದರೆ ಇವನು ಯಾವುದೋ ನಾಟಕದ ಕಂಪನಿಯಿಂದ ತಪ್ಪಿಸಿಕೊಂಡು ಬಂದವನು ಅಂದುಕೊಳ್ಳುತ್ತಾರೆ. ಇನ್ನೊಂದು 'ತಪ್ಪಾಯ್ತು'. ಅದು ಬಹಳ ಭಾರದ ಮಾತು. ದೇವರ ಮುಂದೆ ಕೆನ್ನೆ ಬಡಿದುಕೊಂಡು, ಇಲ್ಲವೆ ಪಂಚಾಯ್ತಿಯ ಮುಂದೆ ಹೆಗಲ ಮೇಲಿನ ಟವೆಲು ಕೈಗೆ ತಗೊಂಡು ಆಡಬೇಕಾದದ್ದು. ಈ ಎರಡರ ನಡುವಿನ ಖಾಲಿ ಜಾಗಕ್ಕೆ ಇಂಗ್ಲಿಷಿನ 'ಸಾರಿ' ಬಂದು, ಇಬ್ಬರ ಸೀಟಿನಲ್ಲಿ ಮೂರನೆಯವನು ಅಂಚಿಗೆ ಕೂತ ಹಾಗೆ ಕೂತು, ಮೆಲ್ಲಗೆ ಒಳಕ್ಕೆ ಸರಿದುಬಿಟ್ಟಿತು. ಸೀರೆ ಅಂಗಡಿಯಲ್ಲಿ ಸಾರಿ ಕೇಳಿದ ಹಳೇ ಜೋಕು ನಿಮ್ಮ ನಾಲಗೆಯ ತುದಿಯಲ್ಲಿದೆ ಎಂದು ಗೊತ್ತು. ಅದು ಬೇಡ. ನನ್ನದು ಉಣ್ಣುವ ಸಾರಿನ ಕಥೆ.

ತೊಂಬತ್ತರ ದಶಕದ ಮೊದಲ ವರ್ಷಗಳು. ನನಗೆ ಇಂಗ್ಲಿಷ್ ಮೇಷ್ಟ್ರ ಕೆಲಸ ಸಿಕ್ಕಿದ್ದು ನಾಗಮಂಗಲ ತಾಲ್ಲೂಕಿನಲ್ಲಿ, ಬಿಂಡಿಗನವಿಲೆಯಿಂದ ಸ್ವಲ್ಪ ಒಳಕ್ಕಿರುವ ಒಂದು ಊರಿನ ಹೈಸ್ಕೂಲಿನಲ್ಲಿ. ಊರಿನ ಹೆಸರು ಹೇಳುವುದಿಲ್ಲ. ಅಲ್ಲಿಗೆ ಈಗಲೂ ಆಗಾಗ ಉಣ್ಣಲು ಹೋಗುತ್ತೇನೆ. ನಾಲೆಯ ನೀರಿನಲ್ಲಿ ಎಮ್ಮೆಗಳ ಜೊತೆ ಈಜಿ ಬೆಳೆದ ನನಗೆ ರಾಗಿ, ಹುರುಳಿ, ಕುರಿಗಳ ಆ ಸೀಮೆ ಹೊಸದು. ಬಸ್ಸಿಳಿದ ಮೊದಲ ದಿನ 'ಇಲ್ಲಿ ಹೇಗಪ್ಪಾ' ಅನ್ನಿಸಿತ್ತು. ಆ ಅನ್ನಿಸಿಕೆ ಸಂಜೆಯ ಊಟದ ತನಕ ಮಾತ್ರ ಇತ್ತು.

ನನಗೆ ಕೋಣೆ ಕೊಟ್ಟವರು ಪುಟ್ಟತಾಯಮ್ಮ. ಅರವತ್ತರ ಆಸುಪಾಸಿನ, ಎತ್ತರದ ನಿಲುವಿನ, ಯಾರನ್ನೂ ಏರುದನಿಯಲ್ಲಿ ಬೈಯದೆಯೇ ಹೆದರಿಸಬಲ್ಲ ಹೆಂಗಸು. ಅವರ ಗಂಡ ಸಿದ್ದೇಗೌಡರು ಬೆಳಗಾದರೆ ಕುರಿಗಳ ಹಿಂದೆ ಹೊರಟುಬಿಡುತ್ತಿದ್ದರು. ಅವರಿಗೆ ಕಿವಿ ಮಂದ. ಪುಟ್ಟತಾಯಮ್ಮ ಮಾತಾಡುವಾಗ ಇನ್ನಷ್ಟು ಮಂದವಾಗುತ್ತಿತ್ತು. ಮಕ್ಕಳಿಲ್ಲದ ಮನೆ. ಬಾಡಿಗೆಯ ಜೊತೆ ಊಟವೂ ಅಲ್ಲೇ ಎಂದು ಮಾತಾಯಿತು. ಮೊದಲ ದಿನ ಬಡಿಸಿದ್ದು ಹುರುಳಿಕಟ್ಟಿನ ಸಾರು. ಮುದ್ದೆ ಮುರಿದು ಅದ್ದಿ ನುಂಗಿದೆ. ನಮ್ಮ ಅವ್ವ ಇಷ್ಟು ವರ್ಷ ನಮಗೆ ಏನು ಬಡಿಸುತ್ತಿದ್ದಳು ಎಂಬ ಸಂದೇಹ ಬಂತು. ಈ ಮಾತನ್ನು ಅವ್ವನ ಮುಂದೆ ಯಾವತ್ತೂ ಆಡಲಿಲ್ಲ.

ಊರಿನಲ್ಲಿ ಯಾರ ಮನೆಯ ಕಾರ್ಯವಿದ್ದರೂ ಸಾರಿನ ಕೊಳದಪ್ಪಲೆಯ ಮುಂದೆ ಪುಟ್ಟತಾಯಮ್ಮನೇ ನಿಲ್ಲಬೇಕು. ರುಚಿ ನೋಡುತ್ತಿರಲಿಲ್ಲ. ಕುದಿಯುವ ಸದ್ದು ಕೇಳಿ "ಉಪ್ಪು ಕಮ್ಮಿ ಆಯ್ತು, ಆಕು" ಅನ್ನುತ್ತಿದ್ದರು.

ಗೋಡೆಯ ಆಚೆ ಅವರ ಮೈದುನ ತಿಮ್ಮೇಗೌಡರ ಮನೆ. ಪುಟ್ಟತಾಯಮ್ಮ ಸೊಸೆಯಾಗಿ ಬಂದಾಗ ತಿಮ್ಮೇಗೌಡರು ಚಡ್ಡಿ ಜಾರುವ ಹುಡುಗ. ಅತ್ತೆ ಬೇಗ ತೀರಿಕೊಂಡಿದ್ದರಿಂದ ಸ್ನಾನ ಮಾಡಿಸಿ, ಉಣ್ಣಿಸಿ, ಹೊಡೆದು ಬೆಳೆಸಿದವರು ಇವರೇ. ಆ ಹುಡುಗನೇ ಈಗ ನಮ್ಮ ಹೈಸ್ಕೂಲು ಕಮಿಟಿಯ ಅಧ್ಯಕ್ಷ. ಬಿಳೀ ಪಂಚೆ, ಜೇಬಿನಲ್ಲಿ ಪೆನ್ನು. ನಾಗಮಂಗಲದ ತಾಲ್ಲೂಕು ಕಚೇರಿಗೆ ಓಡಾಡಿ ಓಡಾಡಿ 'ಥ್ಯಾಂಕ್ಸು', 'ಸಾರಿ', 'ನೋ ಪ್ರಾಬ್ಲಮ್ಮು' ಎಂಬ ಮೂರು ಮಾತು ಸಂಪಾದಿಸಿದ್ದರು. ಮೂರನ್ನೂ ಬೆಳಗಿನ ಹೊತ್ತಿಗೇ ಬಳಸಿ ಮುಗಿಸುತ್ತಿದ್ದರು.

ಅವರ ಒಬ್ಬಳೇ ಮಗಳು ಸವಿತಾ. ಅವಳು ಹುಟ್ಟಿದ್ದು ಗೋಡೆಯ ಆ ಕಡೆ, ಬೆಳೆದದ್ದು ಈ ಕಡೆ, ದೊಡ್ಡವ್ವನ ಮಡಿಲಲ್ಲಿ. ನಾನು ಹೋದ ಎರಡನೆಯ ವರ್ಷ ಅವಳಿಗೆ ಕೆ.ಆರ್. ಪೇಟೆ ಕಡೆಯ ಗಂಡು ಗೊತ್ತಾಯಿತು. ನಾಲೆಯಿರುವ ಊರು, ಗದ್ದೆ ಇರುವ ಮನೆ. ಬೀಗರು ಮಾತುಕತೆ ಮುಗಿಸಿ ಹೋಗಲು ಒಂದು ಭಾನುವಾರ ಬಂದರು. ಕೋಳಿ ಸಾರು ಪುಟ್ಟತಾಯಮ್ಮನದೇ. ಮೇಷ್ಟ್ರು ಎಂಬ ಗೌರವಕ್ಕೆ ನನ್ನನ್ನೂ ಪಂಕ್ತಿಯಲ್ಲಿ ಕೂರಿಸಿದ್ದರು. ಬೀಗರಲ್ಲಿ ಒಬ್ಬ ಹಿರಿಯರು ಎರಡನೇ ಸಲ ಸಾರು ಹಾಕಿಸಿಕೊಳ್ಳುತ್ತಾ, "ಸಾರು ಎಲೆ ಬುಟ್ಟು ಓಡ್ತಾ ಅದಲ್ಲ ಗೌಡ್ರೆ" ಎಂದು ನಕ್ಕರು. ಬಾಳೆಲೆಯ ಮೇಲೆ ಯಾವ ಸಾರಾದರೂ ಓಡುತ್ತದೆ. ಅವರು ಅಂದದ್ದು ಅಷ್ಟೇ. ತಿಮ್ಮೇಗೌಡರು ತಡೆಯಲಾರದೆ ಅಂದುಬಿಟ್ಟರು:

"ನಮ್ ಕಡೆ ನಾಲೆ ಇಲ್ಲ ನೋಡಿ. ಇದ್ದಬದ್ದ ನೀರ್ನೆಲ್ಲ ನಮ್ಮತ್ತಿಗೆ ಸಾರಿಗೇ ಬುಟ್ಟವ್ಳೆ."

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ನಾನೂ ನಕ್ಕೆ, ತಿಮ್ಮೇಗೌಡರು ಅಧ್ಯಕ್ಷರಲ್ಲವೇ. ಅಡುಗೆಮನೆಯ ಬಾಗಿಲಲ್ಲಿ ಪುಟ್ಟತಾಯಮ್ಮ ನಿಂತಿದ್ದರು. ಕೈಯಲ್ಲಿದ್ದ ಸೌಟನ್ನು ಮೆತ್ತಗೆ ಪಾತ್ರೆಯೊಳಗೆ ಇಟ್ಟರು. ಸೆರಗಿನಲ್ಲಿ ಕೈ ಒರೆಸಿಕೊಂಡು ಹಿತ್ತಿಲ ಬಾಗಿಲಿನಿಂದ ತಮ್ಮ ಮನೆಗೆ ಹೊರಟುಹೋದರು. ಬೀಗರಿಗೆ ಏನೂ ತಿಳಿಯಲಿಲ್ಲ. ನಮಗೆಲ್ಲ ತಿಳಿಯಿತು.

ಮರುದಿನ ಬೆಳಗ್ಗೆ ತಿಮ್ಮೇಗೌಡರು ಬೇವಿನಕಡ್ಡಿ ಬಾಯಲ್ಲಿಟ್ಟುಕೊಂಡು ಗೋಡೆಯ ಮೇಲಿಂದ "ಸಾರಿ ಕಣತ್ತಿಗೆ" ಅಂದರು. ಅಂದು, ಪಕ್ಕಕ್ಕೆ ಉಗುಳಿ, ಒಳಗೆ ಹೋದರು. ಅವರ ಲೆಕ್ಕದಲ್ಲಿ ವಿಷಯ ಮುಗಿಯಿತು.

ಪುಟ್ಟತಾಯಮ್ಮನ ಲೆಕ್ಕದಲ್ಲಿ ಅದು ಶುರುವಾಯಿತು. "ಊರ್ ಮುಂದೆ ತಪ್ಪಾಯ್ತು ಅನ್ನೋಗಂಟ ಅವ್ನ ಒಸ್ಲು ತುಳಿಯಾಕಿಲ್ಲ" ಎಂದು ಸಾರಿದರು. ಅಂದರೆ ಮದುವೆಗೂ ಬರುವುದಿಲ್ಲ. ತಿಮ್ಮೇಗೌಡರು, "ಸಾರಿ ಅಂದಾಯ್ತಲ್ಲ, ಇನ್ನೇನು ಕಾಲ್ ಕಟ್ಕಬೇಕಾ?" ಅಂದರು. ಸವಿತಾ ಇಬ್ಬರ ಮಾತನ್ನೂ ಕೇಳಿ, "ದೊಡ್ಡವ್ವ ಇಲ್ದೆ ನಾನ್ ಹಸೆಮಣೆ ಮೇಲೆ ಕೂರಾಕಿಲ್ಲ" ಎಂದಳು. ಅವಳು ದೊಡ್ಡವ್ವನ ಕೈಯಲ್ಲಿ ಬೆಳೆದವಳು. ಅವಳ ಮಾತು ಹುಸಿಯಾಗುವುದಿಲ್ಲ ಎಂದು ಊರಿಗೆ ಗೊತ್ತಿತ್ತು.

ಈಗ ಎಲ್ಲರ ಕಣ್ಣು ನನ್ನ ಮೇಲೆ ಬಿತ್ತು. ಜಗಳವಿದ್ದದ್ದು ಒಂದು ಇಂಗ್ಲಿಷ್ ಪದದ ಮೇಲೆ. ಊರಿನಲ್ಲಿ ಇಂಗ್ಲಿಷಿಗಾಗಿ ಸಂಬಳ ತೆಗೆದುಕೊಳ್ಳುತ್ತಿದ್ದವನು ನಾನೊಬ್ಬನೇ.

ರಾತ್ರಿಯೂಟಕ್ಕೆ ಕೂತಾಗ ಪುಟ್ಟತಾಯಮ್ಮ ಕೇಳಿದರು: "ಮೇಷ್ಟ್ರೆ, ಸಾರಿ ಅಂದ್ರೆ ತಪ್ಪಾಯ್ತು ಅಂತಲಾ?"

ನಾನು, "ಹಾಗೂ ಹೇಳಬಹುದು, ಸಂದರ್ಭ ನೋಡಿಕೊಂಡು..." ಅಂದೆ.

ಅವತ್ತು ನನ್ನ ತಟ್ಟೆಗೆ ಬಿದ್ದ ಬಸ್ಸಾರಿನಲ್ಲಿ ತಟ್ಟೆಯ ತಳದ ಹೂವಿನ ಚಿತ್ರ ಸ್ಪಷ್ಟವಾಗಿ ಕಾಣುತ್ತಿತ್ತು.

ಬೆಳಗ್ಗೆ ಶಾಲೆಯ ಗೇಟಿನಲ್ಲಿ ತಿಮ್ಮೇಗೌಡರು ಹಿಡಿದರು. "ಮೇಷ್ಟ್ರೆ, ಸಾರಿ ಅಂದ್ರೆ ತಪ್ಪಾಯ್ತು ಅಂತಾನೆ ಅಲ್ವಾ? ಭಾನುವಾರ ಡೈರಿ ತಾವ ಎಲ್ರೂ ಸೇರ್ತಾರೆ. ಬೋರೇಗೌಡ್ರೂ ಬತ್ತಾರೆ. ನೀವ್ ಅಲ್ಲಿ ಒಂದ್ ಮಾತು ಏಳ್ಬುಡಿ ಸಾಕು." ಅಂದು, ಎಂದೂ ಇಲ್ಲದ ಹಾಗೆ ನನ್ನ ಭುಜ ತಟ್ಟಿ, "ನಿಮ್ ಟ್ರಾನ್ಸ್‌ಫರ್ ವಿಚಾರ ಏನಾದ್ರೂ ಇದ್ರೆ ಏಳಿ" ಅಂದರು. ನಾನು ಟ್ರಾನ್ಸ್‌ಫರ್ ಕೇಳಿರಲಿಲ್ಲ.

ಒಂದು ಕಡೆ ಸಾರು, ಇನ್ನೊಂದು ಕಡೆ ಅಧ್ಯಕ್ಷರು. ಇಂಥ ಇಕ್ಕಟ್ಟಿಗೆ ಸಿಕ್ಕಿದ ಹೇಡಿಗಳು ಸಾಮಾನ್ಯವಾಗಿ ವಿದ್ವಾಂಸರಾಗುತ್ತಾರೆ. ನಾನೂ ಆದೆ. ಶನಿವಾರ ಬೆಳಗಿನ ಶಾಲೆ ಮುಗಿಸಿ ಕೆ.ಆರ್. ಪೇಟೆಯ ಬಸ್ಸು ಹತ್ತಿದೆ. ಅಲ್ಲಿನ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಗೆಳೆಯ ಲೈಬ್ರರಿಯ ಬೀರು ತೆಗೆಸಿಕೊಟ್ಟ. ಒಳಗೆ ಎರಡು ಕೈಯಲ್ಲಿ ಎತ್ತಬೇಕಾದ ಒಂದು ನಿಘಂಟು. ಧೂಳು ಒರೆಸಿ 'ಸಾರಿ' ಇರುವ ಪುಟಕ್ಕೆ ಬಂದೆ. ಎರಡು ವರ್ಷದಿಂದ ಮಕ್ಕಳಿಗೆ ಪಾಠ ಹೇಳಿದ್ದ ಪದ, ಅದರ ಹುಟ್ಟೂರು ಕೇಳಿರಲೇ ಇಲ್ಲ ಎನ್ನಿಸಿತು.

'ಸಾರಿ'ಯ ಮೂಲ 'ನೋವು'. ಹುಣ್ಣಾದಾಗ, ಮೈ ನೊಂದಾಗ ಇಂಗ್ಲಿಷಿನವರು 'ಸೋರ್' ಅನ್ನುತ್ತಾರಲ್ಲ, ಅದರ ಒಡಹುಟ್ಟು. ಸಾವಿರ ವರ್ಷದ ಹಿಂದೆ 'ನಾನು ಸಾರಿ' ಅಂದರೆ 'ನಾನು ನೊಂದಿದ್ದೇನೆ' ಎಂದರ್ಥ. ದುಃಖ ಎಂಬರ್ಥದ 'ಸಾರೋ' ಇದೆಯಲ್ಲ, ಅದು ನೋಡಲು ಇದರ ಅಣ್ಣನಂತಿದ್ದರೂ ಬೇರೆ ಮನೆತನದ್ದು. ಬಹಳ ಕಾಲ ಒಂದೇ ಬೀದಿಯಲ್ಲಿದ್ದು ಇಬ್ಬರ ಮುಖ ಕಲೆತುಹೋಗಿದೆ, ಅಷ್ಟೆ. ಆಮೇಲೆ ಇನ್ನೊಂದು ಅರ್ಥ ಕಂಡಿತು. 'ಸಾರಿ ಹಾರ್ಸ್' ಎಂದರೆ ಕುದುರೆ ತಪ್ಪೊಪ್ಪಿಕೊಳ್ಳುತ್ತಿದೆ ಎಂದಲ್ಲ, ಕೆಲಸಕ್ಕೆ ಬಾರದ ಬಡಕಲು ಕುದುರೆ ಎಂದು. ಓದಿ ಮೈ ಪುಳಕಗೊಂಡಿತು. ಗೆಳೆಯ, "ಇಷ್ಟನ್ನೂ ಅಲ್ಲಿ ಹೇಳ್ತೀಯಾ?" ಎಂದು ಕೇಳಿದ. ಆ ಪ್ರಶ್ನೆಯಲ್ಲಿದ್ದ ಎಚ್ಚರಿಕೆ ನನಗೆ ಕೇಳಿಸಲಿಲ್ಲ. ಹೊಸದಾಗಿ ಏನಾದರೂ ಕಲಿತ ಮೇಷ್ಟ್ರಿಗೆ ಅದನ್ನು ಹೇಳಿ ಮುಗಿಸುವ ತನಕ ಹೊಟ್ಟೆಯುಬ್ಬರ ಇಳಿಯುವುದಿಲ್ಲ.

ಭಾನುವಾರ ಬೆಳಗ್ಗೆ ಹಾಲು ಹಾಕಿದ ಜನ ಕ್ಯಾನುಗಳನ್ನು ಪಕ್ಕಕ್ಕಿಟ್ಟು ಡೈರಿಯ ಜಗಲಿಯಲ್ಲೇ ಕೂತರು. ಊರಿನ ನ್ಯಾಯ ಹೇಳುವ ಹಿರಿಯರು ಬೋರೇಗೌಡರು. ಬಾಯಲ್ಲಿ ಎಲೆಯಡಿಕೆ ತುಂಬಿಕೊಂಡೇ ತೀರ್ಪು ಕೊಡುವುದು ಅವರ ರೂಢಿ. ಒಂದು ಕಡೆ ತಿಮ್ಮೇಗೌಡರು, ಇನ್ನೊಂದು ಕಡೆ ಪುಟ್ಟತಾಯಮ್ಮ. ಸಿದ್ದೇಗೌಡರು ಕುರಿ ಹೊಡೆದುಕೊಂಡು ಅದೇ ದಾರಿಯಲ್ಲಿ ಬಂದವರು, ಗುಂಪು ನೋಡಿ ಬೇರೆ ದಾರಿ ಹಿಡಿದರು.

"ಏಳಿ ಮೇಷ್ಟ್ರೆ. ಆ ಮಾತ್ಗೆ ಏನರ್ಥ?" ಅಂದರು ಬೋರೇಗೌಡರು.

ನಾನು ಎದ್ದು ನಿಂತೆ. ಕ್ಲಾಸಿನಲ್ಲಿ ನಿಂತ ಹಾಗೆ ಒಂದು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡದ್ದೂ ನೆನಪಿದೆ. "ಈ ಪದ ಬಹಳ ಪುರಾತನವಾದದ್ದು. ಇದರ ಮೂಲಾರ್ಥ, ನನಗೆ ನೋವಾಗಿದೆ ಎಂದು" ಅಂದೆ.

ಪುಟ್ಟತಾಯಮ್ಮ ತಟ್ಟನೆ ತಿರುಗಿದರು. "ನೋವಾದ್ದು ನಂಗೆ. ಅವ್ನಿಗ್ಯಾಕಂತೆ ನೋವು?"

ಜಗಲಿ ನಕ್ಕಿತು. ನಾನು ಅವಸರದಿಂದ, "ಅಂದರೆ ನಿಮ್ಮ ನೋವು ನನಗೂ ನೋವು ಎಂದು..." ಅಂದೆ.

"ಅಂಗಾದ್ರೆ ಬೇವಿನಕಡ್ಡಿ ಕಡ್ಕಂಡು ನಿಂತಿದ್ನಲ್ಲ, ಎಲ್ಲಿ ನೋವಾಗಿತ್ತು, ಹಲ್ಲಲ್ಲಾ?"

ಬೋರೇಗೌಡರು ನಗು ತಡೆಯಲು ಎಲೆಯಡಿಕೆ ಉಗುಳಬೇಕಾಯಿತು. "ಬ್ಯಾರೆ ಅರ್ಥ ಇಲ್ವಾ ಮೇಷ್ಟ್ರೆ?" ಅಂದರು.

ಅಲ್ಲಿಗೆ ನಿಲ್ಲಿಸಬಹುದಿತ್ತು. 'ಬಳಕೆಯಲ್ಲಿ ತಪ್ಪಾಯ್ತು ಅಂತಲೇ' ಎಂದು ಕೂತುಬಿಟ್ಟಿದ್ದರೆ ಎಲ್ಲವೂ ಮುಗಿಯುತ್ತಿತ್ತು. ಆದರೆ ಕುದುರೆ ಇನ್ನೂ ನನ್ನ ಹೊಟ್ಟೆಯಲ್ಲೇ ಇತ್ತು. "ಇನ್ನೊಂದಿದೆ. ಕೆಲಸಕ್ಕೆ ಬಾರದ್ದು ಎಂಬ ಅರ್ಥದಲ್ಲೂ ಬಳಸುತ್ತಾರೆ. ಉದಾಹರಣೆಗೆ, ಕುದುರೆ..."

ಕುದುರೆಯ ಬಗ್ಗೆ ಯಾರೂ ಕೇಳಿಸಿಕೊಳ್ಳಲಿಲ್ಲ. ಪುಟ್ಟತಾಯಮ್ಮನ ಮುಖ ಅರಳಿತು. "ಇದ ಒಪ್ಕತೀನಿ. ಏನ್ಲಾ ತಿಮ್ಮ, ನಾನು ಸಾರಿ ಅಂತ ಇಲ್ಲೇ ಎಲ್ರು ಮುಂದೆ ಅಂದ್ಬುಡು. ಸಾಕು ನಂಗೆ."

ತಿಮ್ಮೇಗೌಡರ ಮುಖ ಕೆಂಪಾಯಿತು. ಟವೆಲು ಕೊಡವಿ ಹೆಗಲ ಮೇಲೆ ಹಾಕಿಕೊಂಡು ಎದ್ದರು. "ಇನ್ಮೇಲೆ ಆ ಮಾತೂ ಆಡಾಕಿಲ್ಲ ಓಗು" ಅಂದು ಹೊರಟೇಬಿಟ್ಟರು. ಹೋಗುವಾಗ ನನ್ನ ಕಡೆ ಒಂದು ನೋಟ ನೋಡಿದರು. ನನಗೆ ಟ್ರಾನ್ಸ್‌ಫರ್ ಎಷ್ಟು ದೂರಕ್ಕೆ ಆಗಬಹುದೆಂಬುದು ಆ ನೋಟದಲ್ಲಿತ್ತು.

ಇಬ್ಬರ ನಡುವೆ ಇದ್ದದ್ದು ಒಂದೇ ಒಂದು ಮಾತು. ಅದನ್ನೂ ನಾನು ಅರ್ಥ ಹೇಳಿ ಕೊಂದಿದ್ದೆ. ಸಂಜೆ ಸವಿತಾ ನನ್ನ ಕೋಣೆಯ ಬಾಗಿಲಿಗೆ ಬಂದಳು. ಕಣ್ಣು ಊದಿಕೊಂಡಿದ್ದವು, ದನಿ ಮಾತ್ರ ಗಟ್ಟಿಯಾಗಿತ್ತು.

"ಮೇಷ್ಟ್ರೆ, ಅರ್ಥ ಕೇಳುದ್ರೆ ಅರ್ಥ ಏಳ್ಬೇಕಾಗಿತ್ತು. ಅದು ಹುಟ್ಟಿದ್ದೆಲ್ಲಿ ಅಂತ ನಿಮ್ಮನ್ನ ಯಾರ್ ಕೇಳುದ್ರು?"

ನಾನು ತಲೆ ತಗ್ಗಿಸಿದೆ. ನನ್ನ ಬಾಯಿಗೂ ಆ ಹೊತ್ತಿಗೆ ಬಂದದ್ದು ಅದೇ ಪದ. ನುಂಗಿಕೊಂಡೆ. "ನಂಗೆ ಅಪ್ಪ ಬ್ಯಾರೆ ಅಲ್ಲ, ದೊಡ್ಡವ್ವ ಬ್ಯಾರೆ ಅಲ್ಲ. ಇಬ್ರೂ ಸೇರಿ ನನ್ನ ಕೆ.ಆರ್. ಪ್ಯಾಟೆಗೆ ಕಳ್ಸದೇ ಬ್ಯಾಡ ಅಂತ ಮಾಡವ್ರೆ" ಅಂದು ಅವಳು ಹೋದಳು.

ಮದುವೆಯ ದಿನ ಹತ್ತಿರವಾಯಿತು. ಎರಡೂ ಮನೆಯಲ್ಲಿ ಯಾರೂ ಸೋಲಲಿಲ್ಲ. ತಿಮ್ಮೇಗೌಡರು ನಾಗಮಂಗಲದಿಂದ ಅಡುಗೆಭಟ್ಟರನ್ನು ಗೊತ್ತುಮಾಡಿದ ಸುದ್ದಿ ಬಂದಾಗ ಪುಟ್ಟತಾಯಮ್ಮ, "ಮಾಡ್ಕಳ್ಲಿ" ಎಂದಷ್ಟೇ ಅಂದು ಒನಕೆಯನ್ನು ಬೇಕಾದ್ದಕ್ಕಿಂತ ಜೋರಾಗಿ ಕುಟ್ಟಿದರು.

ಚಪ್ಪರದ ದಿನ ಬೆಳಗ್ಗೆ ನಾನು ಕಿಟಕಿಯ ಬಳಿ ಕೂತು ಗಡ್ಡ ಹೆರೆದುಕೊಳ್ಳುತ್ತಿದ್ದೆ. ತಿಮ್ಮೇಗೌಡರು ಒಬ್ಬರೇ ಬಂದು ಅತ್ತಿಗೆಯ ಜಗಲಿಯ ಮೇಲೆ ಕೂತರು. ಪೆನ್ನಿಲ್ಲ, ಟವೆಲಿಲ್ಲ. ಪುಟ್ಟತಾಯಮ್ಮ ಮೊರದಲ್ಲಿ ರಾಗಿ ಕೇರುತ್ತಿದ್ದರು. ಕೇರುವುದನ್ನು ನಿಲ್ಲಿಸಲಿಲ್ಲ. ನಾನು ಅರ್ಧ ಮುಖದ ಸೋಪಿನಲ್ಲೇ ಕಿವಿಗೊಟ್ಟೆ.

"ಚಪ್ಪರಕ್ಕೆ ಸೊಪ್ಪು ತಂದಾಯ್ತು" ಅಂದರು ತಿಮ್ಮೇಗೌಡರು.

"ಅದ್ಕೆ?"

"ಕಂಬಕ್ಕೆ ಪೂಜೆ ಆಗ್ಬೇಕು. ಮನೇಗೆ ಹಿರೇರು ನೀನೇ."

"ನಿನ್ ಹೆಂಡ್ತಿ ಇಲ್ವೇನ್ಲಾ?"

ತಿಮ್ಮೇಗೌಡರು ನೆಲ ನೋಡುತ್ತಾ ಹೇಳಿದರು: "ಅತ್ತಿಗೆ, ಅವ್ರು ಗದ್ದೆಯೋರು. ನಾಲೆ ನೀರು ಕುಡ್ದೋರು. ಬಂದು ಕುಂತ್ಕಂಡಾಗಿಂದ ನಮ್ ಒಲ, ನಮ್ ಬಾವಿ ಎಲ್ಲಾ ನೋಡ್ತಾನೇ ಇದ್ರು. ಇವ್ರೇನಪ್ಪ ಒಣಭೂಮಿಯೋರು ಅಂತ ಎಲ್ಲಿ ಅಂದ್ಬುಟ್ಟಾರೋ ಅಂತ ನಂಗೆ ಭಯ ಆಗಿತ್ತು. ಅವ್ರು ಅನ್ನೋಕೆ ಮುಂಚೆ ನಾನೇ ನಗ್ಸಿಬುಡಾನ ಅಂತ ಬಾಯ್ ಬುಟ್ಟೆ. ಸಿಕ್ಕಿದ್ದು ನಿನ್ ಸಾರು."

ಮೊರ ನಿಂತಿತು.

"ಇದ ಅವತ್ತೇ ಏಳ್ಬಾರ್ದಾಗಿತ್ತೇನ್ಲಾ?"

"ನೀನ್ ಕೇಳುದ್ಯಾ? ತಪ್ಪಾಯ್ತು ಅನ್ನು, ತಪ್ಪಾಯ್ತು ಅನ್ನು ಅಂತ ನಿಂತ್ಕಂಡೆ. ನಾನ್ ಚಿಕ್ಕೋನಾಗಿದ್ದಾಗ್ಲೂ ನಿಂದು ಇದೇಯ. ಕಿವಿ ಹಿಂಡಿ ಅನ್ಸೋಳು. ಯಾಕಂಗ್ ಮಾಡ್ದೆ ಅಂತ ಒಂದಿನಾನೂ ಕೇಳ್ದೋಳಲ್ಲ."

ಪುಟ್ಟತಾಯಮ್ಮ ಮೊರ ಕೆಳಗಿಟ್ಟು ಒಳಗೆ ಹೋದರು. ತಿಮ್ಮೇಗೌಡರು ಹಾಗೇ ಕೂತಿದ್ದರು. ನನ್ನ ಮುಖದ ಸೋಪು ಒಣಗಿ ಬಿಗಿಯತೊಡಗಿತು. ಬಹಳ ಹೊತ್ತಿನ ಮೇಲೆ ಪುಟ್ಟತಾಯಮ್ಮ ಹೊರಬಂದರು. ರೇಷ್ಮೆ ಸೀರೆ ಉಟ್ಟು, ಹಣೆಗೆ ಕುಂಕುಮವಿಟ್ಟು, ಕೈಯಲ್ಲಿ ತಮ್ಮದೇ ದೊಡ್ಡ ಸೌಟು ಹಿಡಿದಿದ್ದರು.

"ಏಳು. ಆ ನಾಗಮಂಗಲದ ಭಟ್ರು ಎಷ್ಟ್ ನೀರ್ ಉಯ್ದವ್ರೋ ಏನೋ" ಅಂದರು. ಎರಡು ಹೆಜ್ಜೆ ನಡೆದು ತಿರುಗಿ ನಿಂತರು. "ಆದ್ರೆ ಒಂದ್ ಸಲ ತಪ್ಪಾಯ್ತು ಅಂದ್ಬುಡು."

ತಿಮ್ಮೇಗೌಡರು ಬೆಚ್ಚಿ ಅವರ ಮುಖ ನೋಡಿದರು.

"ಬುಡ್ಲಾ, ತಮಾಸೆಗಂದೆ" ಎಂದು ಪುಟ್ಟತಾಯಮ್ಮ ಅವರ ತಲೆಯ ಮೇಲೆ ಸೌಟಿನಿಂದ ಮೆಲ್ಲಗೆ ಕುಟ್ಟಿದರು. ಹೈಸ್ಕೂಲು ಕಮಿಟಿಯ ಅಧ್ಯಕ್ಷರು ಆ ಏಟು ತಿಂದು ಅತ್ತಿಗೆಯ ಹಿಂದೆ ಚಪ್ಪರದ ಕಡೆ ನಡೆದರು.

ಮದುವೆ ಚೆನ್ನಾಗಿಯೇ ನಡೆಯಿತು. ಭಟ್ಟರಿಗೆ ಎರಡು ದಿನ ಈರುಳ್ಳಿ ಹೆಚ್ಚುವ ಕೆಲಸವಷ್ಟೇ ಉಳಿದಿತ್ತು. ಬೀಗರ ಊಟದಲ್ಲಿ ಕೆ.ಆರ್. ಪೇಟೆಯವರು ಸಾರನ್ನು ಎಲೆ ಬಿಟ್ಟು ಲೋಟದಲ್ಲಿ ಹಾಕಿಸಿಕೊಂಡು ಕುಡಿದರು. ನನ್ನ ಟ್ರಾನ್ಸ್‌ಫರಿನ ಮಾತು ಮತ್ತೆ ಯಾರೂ ಎತ್ತಲಿಲ್ಲ.

ಹೆಣ್ಣು ಕಳಿಸುವ ಹೊತ್ತು. ವ್ಯಾನಿನ ಬಾಗಿಲಲ್ಲಿ ಸವಿತಾ ದೊಡ್ಡವ್ವನನ್ನು ಅಪ್ಪಿಕೊಂಡು ಅಳುತ್ತಿದ್ದಳು. ಪುಟ್ಟತಾಯಮ್ಮ ಅಳಲಿಲ್ಲ. ಅವಳ ಕೆನ್ನೆ ಒರೆಸಿ, ಪಕ್ಕದಲ್ಲೇ ನಿಂತಿದ್ದ ಗಂಡಿಗೂ ಕೇಳುವ ಹಾಗೆ ಹೇಳಿದರು:

"ನೋಡವ್ವ, ಇವ್ನೇನಾದ್ರೂ ನಾಳೀಕೆ ನಿನ್ ಮನಸ್ ನೋಯ್ಸಿ ಸಾರಿ ಗೀರಿ ಅಂದ್ರೆ ಒಪ್ಕಬ್ಯಾಡ. ತಪ್ಪಾಯ್ತು ಅನ್ನು ಅಂತ ಅಟಕ್ಕೂ ಬೀಳ್ಬ್ಯಾಡ, ನಾನ್ ಬಿದ್ದಂಗೆ. ಯಾಕಂಗ್ ಮಾಡ್ದೆ ಅಂತ ಕುಂಡ್ರುಸ್ಕಂಡು ಕೇಳು."

ಗಂಡು ಗಾಬರಿಯಾಗಿ ಸುತ್ತ ನೋಡಿದ. ಹತ್ತಿರ ನಿಂತಿದ್ದ ನನ್ನ ಕಡೆ ಬಗ್ಗಿ, "ಸಾರ್, ಸಾರಿ ಅಂದ್ರೆ ಇಲ್ಲಿ ಏನೋ ಬ್ಯಾರೆ ಅರ್ಥ ಐತಂತಲ್ಲ, ಏನದು? ನೀವೇ ಅಲ್ವಾ ಇಂಗ್ಲೀಸ್ ಮೇಷ್ಟ್ರು?" ಎಂದು ಪಿಸುಗುಟ್ಟಿದ.

"ಅಲ್ಲಪ್ಪ" ಅಂದೆ. "ನಾನು ಡ್ರಿಲ್ ಮೇಷ್ಟ್ರು."